ಸೊಲ್ಲಾಪುರ ಹೊದ್ದು, ಮಂಗಳೂರು ತಿಂದು

ಊರಿನ ಹೆಸರು ಕೂಗಿ ಹೊಟ್ಟೆ ಹೊರೆಯುವ ಬಸ್ ಕಂಡಕ್ಟರನಿಗೆ ಊರೆಂದರೆ ಊರೇ. ನಮ್ಮ ಕಡೆಯ ಮಂದಿ ಮಾತ್ರ ಊರನ್ನು ಉಡುತ್ತಾರೆ, ಹೊದೆಯುತ್ತಾರೆ, ಚಹಾದ ಜೊತೆ ತಿಂದೂ ಬಿಡುತ್ತಾರೆ. ಎಪ್ಪತ್ತರ ದಶಕದಲ್ಲಿ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಎಂದು ಅರಚುತ್ತ ತಿರುಗಿದಷ್ಟು ದಿನವೂ ನನಗೆ ಈ ಗೊಂದಲ ತಪ್ಪಲಿಲ್ಲ. ಕಡೆಗೆ ಅದು ನನ್ನ ಮದುವೆಗೇ ಕುತ್ತು ತಂದಿತು.

ಬಿದ್ದುಹೋದ ಸೊಲ್ಲಾಪುರ

ಇಂಡಿ ಬಿಟ್ಟು ಸಿಂದಗಿ ದಾರಿ ಹಿಡಿದಿದ್ದೆವು. ಕಿಟಕಿ ಪಕ್ಕದ ಅಜ್ಜಿ ಚೀರಿದಳು: "ಯಪ್ಪಾ, ನನ್ನ ಸೊಲ್ಲಾಪುರ ಹೋತೋ! ಬಸ್ ನಿಂದ್ರಸೋ!"

"ಯಮ್ಮಾ, ಇದು ಸಿಂದಗಿ ಬಸ್. ಸೊಲ್ಲಾಪುರಕ್ಕ ಹೋಗಂಗಿಲ್ಲ."

"ಹೋಗಂಗಿಲ್ಲ ಅಂದ್ರ? ಹೋತು! ಹಿಂದ ಬಿತ್ತು!"

"ಸೊಲ್ಲಾಪುರ ಮೊದಲಿಂದ ಹಿಂದನ ಐತಿ ಬೇ."

"ಮೊದಲ ನನ್ನ ಹೆಗಲ ಮ್ಯಾಲಿತ್ತೋ!"

ಹೊರಳಿ ನೋಡಿದರೆ ಹೊಸ ಸೊಲ್ಲಾಪುರ ಚಾದರವೊಂದು ರಸ್ತೆಯ ಮೇಲೆ ಬಿದ್ದಿತ್ತು. ಸೀಟಿ ಊದಿ, ಓಡಿ ಹೋಗಿ ತಂದೆ. "ಏನಾತೋ?" ಎಂದ ಡ್ರೈವರ್. "ಸೊಲ್ಲಾಪುರ ಸಿಕ್ತು" ಎಂದೆ.

ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದವನು ದಡಬಡಿಸಿ ಎದ್ದ. "ಸೊಲ್ಲಾಪುರ ಬಂತಾ? ನಾ ಸಿಂದಗಿಗೆ ಹೊಂಟಿದ್ನಲ್ರೀ!"

ಮೂರು ಮಂಗಳೂರು

ಮುದ್ದೇಬಿಹಾಳ ಬಸ್ ನಿಲ್ದಾಣದ ಹೋಟೆಲಿಗೆ ಕರಾವಳಿಯ ಭಟ್ಟರೊಬ್ಬರು ಬಂದು, ಬಾಳೆಹಣ್ಣು ಕಲಸಿದ ಹಿಟ್ಟನ್ನು ಲಟ್ಟಿಸಿ ಕರಿದು 'ಮಂಗಳೂರು ಬನ್ಸ್' ಎಂದು ಮಾರತೊಡಗಿದರು. ನಮ್ಮ ಡ್ರೈವರ್ ಬಾಯಲ್ಲಿ ಬರೀ 'ಮಂಗಳೂರ' ಉಳಿಯಿತು. ಒಂದು ದಿನ ಬಸ್ಸಿನಲ್ಲಿದ್ದ, ಬಾಗೇವಾಡಿ ಕಡೆಯ ಮಸೂತಿ ಊರಿನ ರೈತನೊಬ್ಬ ತಾಳ್ಮೆಗೆಟ್ಟು ಕೂಗಿದ: "ಬಾಗೇವಾಡಿಗೆ ಯಾವಾಗ ಬಿಡ್ತೀರಿ?"

ಡ್ರೈವರ್ ತುಂಬಿದ ಬಾಯಲ್ಲೇ ಹೇಳಿದ: "ಎರಡು ಮಂಗಳೂರ ಆದುವು. ಇನ್ನೊಂದು ಮಂಗಳೂರ ಮುಗದ ಕೂಡಲೇ ಬಾಗೇವಾಡಿ."

ರೈತ ಗಂಟು ಹೊತ್ತು ಇಳಿದೇಬಿಟ್ಟ. "ನೀವು ಮಂಗಳೂರಿಗೆ ಮೂರು ಸಲ ಹೋಗಿ ಬರೂತನ ನಾ ನಡಕೋತ ಮಸೂತಿ ಮುಟ್ತೇನಿ!"

ಇಳಕಲ್ ಕೊಡೋರು ಯಾರು?

ಸಾಲೋಟಗಿಗೆ ಕನ್ಯೆ ನೋಡಲು ಹೋದೆ. ಹುಡುಗಿ ಚಹಾ ಕೊಟ್ಟು ಒಂದು ಸಲ ನಕ್ಕಳು, ನಾನು ಅಲ್ಲೇ ಸೋತೆ. ಆಗ ನನಗೆ ಇಳಕಲ್ಲಿಗೆ ವರ್ಗವಾಗುತ್ತದೆಂಬ ಸುದ್ದಿ ಹಬ್ಬಿ, ತಲೆಯಲ್ಲಿ ಅದೇ ಸುತ್ತುತ್ತಿತ್ತು. ಹುಡುಗಿಯ ಅಪ್ಪ ಕೇಳಿದ: "ನಮ್ಮ ಹುಡುಗಿಗೆ ಇಳಕಲ್ಲ ಬೇಕಂತ್ರಿ. ನಿಮಗ ಆಗತೈತೇನು?"

"ಅದು ನನ್ನ ಕೈಯಾಗಿಲ್ರಿ. ಸಾಹೇಬ್ರು ಕೊಡಬೇಕು."

ಅಪ್ಪನ ಮುಖ ಕೆಂಪಾಯಿತು. "ನಿನ್ನ ಹೆಂಡತಿಗೆ ಸಾಹೇಬ್ರು ಯಾಕ ಕೊಡಬೇಕೋ?"

"ಡಿಪೋದಾಗ ಎಲ್ಲಾರಿಗೂ ಅವರ ಕೊಡೋದ್ರಿ. ಮದಿವಿ ಆದಮ್ಯಾಲ ಇಬ್ರೂ ಹೋಗಿ ಕೈ ಮುಗದ್ರ ಲಗೂನ ಕೊಡ್ತಾರ."

"ಏಳು ಮ್ಯಾಲ!" ಎಂದು ಅವನು ನನ್ನ ಚಪ್ಪಲಿಯತ್ತ ಕೈ ತೋರಿಸಿದ. ತಪ್ಪೇನೆಂದು ತಿಳಿಯದೆ ಕಣ್ಣು ತುಂಬಿ ಎದ್ದೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಹುಡುಗಿ ಕೂಗಿದಳು: "ಅಪ್ಪಾ, ನೀ ಸೀರಿ ಅಂತಿ, ಅವರು ಊರು ಅಂತಾರ. ಊರು ಸಾಹೇಬ್ರು ಕೊಡಲಿ, ಸೀರಿ ಇವರು ಕೊಡಲಿ!"

ಸೀರೆ ಕೊಟ್ಟೆ, ಮದುವೆಯಾಯಿತು. ಸಾಹೇಬರೂ ಇಳಕಲ್ ಕೊಟ್ಟರು. ಅದೇ ಸೀರೆ ಉಟ್ಟ ಹೆಂಡತಿಯೊಡನೆ ಬಸ್ ಹತ್ತಿದೆ. ಆ ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡಲು ಬಂದು "ಹೇಳ್ರಿ" ಎಂದ.

"ಇಳಕಲ್" ಎಂದಳು ಇವಳು.

ಅವನು ಸೆರಗು ನೋಡಿದ. "ಅದು ಕಾಣಸ್ತೈತ್ರಿ ಯಕ್ಕಾ. ಹೋಗೋದೆಲ್ಲಿಗೆ?"