ಮನಸಿನ ಮೇಡಂ ಬಾಗಿಲಾಗ ಪಾಳಿ

ಬ್ಯಾರೇರ ಮನಿ ಮುಂದ ನಾಯಿ ಬೊಗಳಿದ್ರ ಬರೀ ನಾಯಿ ಬೊಗಳ್ತೈತಿ. ನನ್ನ ಮನಿ ಮುಂದ ಬೊಗಳಿದ್ರ ಅದೊಂದು ಕಥಿ ಆಗಿ ಒಳಗ ಬಂದು ಚಾ ಕೇಳ್ತೈತಿ. ನಾನೇನು ಮಾಡ್ಲಿ? ಪೀಟಿ ಮಾಸ್ತರ ಆಗಿದ್ದಾಗೂ ಹಿಂಗ, ರಿಟೈರ್ ಆದ ಮ್ಯಾಲೂ ಹಿಂಗ. "ನೀವು ಹೇಳಿದ್ರಾಗ ಅರ್ಧ ಕಳದ್ರ ಖರೆ ಉಳಿತೈತಿ" ಅಂತಾಳ ನನ್ನ ಹೆಂಡ್ತಿ. ಹೇಳೋ ಕೆಲಸ ನಂದು, ಕಳಿಯೋ ಕೆಲಸ ನಿಮ್ದು.

ಹೋದ ವರ್ಷ ಹಗರಿಬೊಮ್ಮನಹಳ್ಳಿ ಮೈದಾನದ ಮಗ್ಗಲ ರೂಮಿಗೆ ಮೈಸೂರು ಕಡಿ ಮೇಡಮ್ಮೊಬ್ರು ವಾರಕ್ಕೊಮ್ಮೆ ಬರಾಕತ್ತಿದ್ರು. ಆಡೋರು, ಓಡೋರು, ಪರೀಕ್ಷಿ ಬರಿಯೋರು ಯಾರಿಗಾದ್ರೂ ಮನಸಿನ್ಯಾಗ ಅಂಜಿಕಿ ಹೊಕ್ಕಿದ್ರ ಮಾತಾಡಿ ಹೊರಗ ಹಾಕೋ ಕೌನ್ಸೆಲಿಂಗು. ನಮ್ಮ ಜನ "ಮನಸಿನ ಮೇಡಂ" ಅಂತ ಹೆಸರಿಟ್ರು, ಹೆಸರಿಟ್ಟು ದೂರ ನಿಂತ್ರು.

ನನಗ ಅವ್ರ ಹತ್ರ ಒಂದು ಕೆಲಸ ಆಗಬೇಕಿತ್ತು. ನಮ್ಮ ಹರಪನಹಳ್ಳಿ ಕಡಿ ಅರಸೀಕೆರಿ ಹುಡುಗಿ ಒಬ್ಬಾಕಿ, ನಾನ ಕಬಡ್ಡಿ ಕಲಿಸಿದಾಕಿ. ಪ್ರ್ಯಾಕ್ಟೀಸ್‌ನ್ಯಾಗ ರೇಡಿಗೆ ಹೋದ್ಲಂದ್ರ ಮಿಂಚು. ಮ್ಯಾಚಿನ್ಯಾಗ ಗೆರಿ ದಾಟಿದ್ಲೋ ಇಲ್ಲೋ, ಕಾಲು ಕಲ್ಲಾಗೋವು. ಜಿಲ್ಲಾ ಆಯ್ಕಿ ಹತ್ರ ಬಂದಿತ್ತು. ಇದು ದಾಟಿದ್ರ ವಯಸ್ಸೂ ದಾಟ್ತಿತ್ತು, ಮುಂದ ಟೀವ್ಯಾಗ ನೋಡೋದು ಅಷ್ಟ.

"ಮೇಡಂ ಹತ್ರ ಹೋಗವ್ವಾ" ಅಂದೆ.

"ಆ ರೂಮಿಗೆ ಹೋದ್ರ ಹುಚ್ಚಿ ಅಂತಾರ ಮಾಸ್ತರ. ಮದ್ಲ ಬ್ಯಾರೇರು ಹೋಗ್ಲಿ, ಪಾಳಿ ಹತ್ಲಿ. ಆಮ್ಯಾಲ ನಾನು ನಡುವ ಸೇರ್ಕಂತೀನಿ."

ಪಾಳಿ ಬೇಕಂದ್ಲಲ್ಲ, ಹಚ್ಚಿದೆ. ಸುತ್ತಲ ತಾಲೂಕಿನ ಚಾದಂಗಡಿಯಾಗೆಲ್ಲಾ ಕುಂತು ಒಂದ ಮಾತು ಹೇಳಿದೆ: "ಆ ಮೇಡಂ ಜೊತಿ ಮಾತಾಡಿದೋನು ಇವತ್ತಿನತನ ಸೋತಿಲ್ಲ." ಸುಳ್ಳಲ್ರೀ ಅದು. ಇವತ್ತಿನತನ ಯಾರೂ ಮಾತಾಡಿರಲೇ ಇಲ್ಲ.

ಕಿಟಕ್ಯಾಗಿನ ಉತ್ತರ

ಮದ್ಲ ಬಂದೋನು ಹಡಗಲಿ ಪೈಲ್ವಾನ. ಅವನ ಮೈ ಹಿಡಿಸಾಕ ಬಾಗಿಲಾ ಚೌಕಟ್ಟ ಬಿಚ್ಚಬೇಕಾತು. ಬಿಚ್ಚಲಿಲ್ಲ ಅನ್ರಿ, ಬಿಚ್ಚಾಣೇನು ಅಂತ ಮಾತು ಬಂದಿತ್ತು. ಅವನ ಹಿಂದ ಒಂದು ಟ್ರ್ಯಾಕ್ಟರ್ ಮಂದಿ.

ಮೇಡಂ ಅಂದ್ರು, "ಆಟಗಾರರು ಒಬ್ಬರೇ ಒಳಗೆ ಬನ್ನಿ. ಇಲ್ಲಿ ಹೇಳಿದ್ದು ನಮ್ಮಿಬ್ಬರ ನಡುವೆಯೇ ಇರುತ್ತೆ."

ಅವನ ಸೋದರಮಾವ ಗಾಬರಿಯಾದ. "ನಾವಿಲ್ದ ಹೆಂಗ್ರೀ? ಅವನ ಮನಸಿನ್ಯಾಗ ಏನೈತಿ ಅಂತ ಅವನಿಗೇನ್ ಗೊತ್ತು?"

ಹೆಂಗೋ ಬಾಗಿಲಾ ಹಾಕಿದ್ವಿ. ಮಂದಿ ಎಲ್ಲಾ ಕಿಟಕಿಗೆ ಹತ್ತಿದ್ರು.

"ನಿದ್ದೆ ಚೆನ್ನಾಗಿ ಬರುತ್ತಾ?" ಅಂತ ಮೇಡಂ ಕೇಳಿದ್ರು.

"ಗೊರಕಿ ಹೊಡಿತಾನ್ರೀ" ಅಂತ ಕಿಟಕಿ ಹೇಳ್ತು.

"ಊಟ?"

"ಅದರ ಸುದ್ದಿ ಕೇಳಬ್ಯಾಡ್ರಿ" ಅಂತ ಇನ್ನೊಂದು ಕಿಟಕಿ.

"ಯಾವುದಕ್ಕೆ ಭಯ ಆಗುತ್ತೆ?"

"ಇವನಿಗ್ಯಾತರ ಭಯ? ನಾವದೀವಲ್ಲ!" ಅಂತ ಎಲ್ಲಾ ಕಿಟಕಿ ಕೂಡಿ ಕೂಗಿದ್ವು.

ಪೈಲ್ವಾನ ನೆಲಾ ನೋಡ್ಕಂತ ಕುಂತಿದ್ದ. ಮೇಡಂ ದನಿ ಸಣ್ಣ ಮಾಡಿ ಕೇಳಿದ್ರು, "ನಿಮಗೆ ಯಾವಾಗ ನೆಮ್ಮದಿ ಅನ್ಸುತ್ತೆ?" ಕಿಟಕಿ ಮಂದಿ ಸರಳಿನ್ಯಾಗ ಕಿವಿ ತುರುಕಿದ್ರು.

ಪೈಲ್ವಾನ ಮದ್ಲನೇ ಸಲ ಬಾಯಿಬಿಟ್ಟ. "ಕುಸ್ತಿ ಹಿಡಿಯುವಾಗರೀ. ಆವಾಗ ಮೈಮ್ಯಾಲೆ ಒಬ್ಬನ ಇರ್ತಾನ."

ಟಗರಿನ ದುಃಖ

ಮುಂದಿನ ವಾರ ಕೂಡ್ಲಿಗಿ ಕಡಿಂದ ಕುರಿ ಸಾಕೋ ಗಂಡ ಹೆಂಡ್ತಿ ಬಂದ್ರು. ಜೊತಿಗೆ ಅವ್ರ ಟಗರು. ಕಾಳಗದಾಗ ಕಪ್ ಗೆದ್ದ ಟಗರು, ಕೊಂಬಿಗೆ ರಿಬ್ಬನ್ನು.

"ನಾನು ಮನುಷ್ಯರನ್ನ ಮಾತ್ರ ನೋಡೋದು" ಅಂದ್ರು ಮೇಡಂ.

"ಆಟಗಾರರಿಗೆ ಅಂತ ಬೋರ್ಡು ಹಾಕೀರಿ. ಮನುಷ್ಯಾರಿಗೆ ಅಂತ ಎಲ್ಲೈತಿ?" ಅಂದ ಗಂಡ. ಅವನ ಕಣ್ಣಾಗ ನೀರು. "ಮದ್ಲ ಗುಡ್ಡಕ್ಕ ಡಿಕ್ಕಿ ಹೊಡಿತಿತ್ತು. ಈಗ ಎದುರು ಟಗರು ಬಂದ್ರ ಮಕ ತಿರುವ್ತೈತಿ. ಮನಸಿಗೆ ಏನೋ ಹಚ್ಕಂಡೈತ್ರಿ."

ಅಷ್ಟ್ರಾಗ ಟಗರು, ಗೋಡಿಗೆ ಹಚ್ಚಿದ್ದ "ಮನಸ್ಸು ಶಾಂತವಾಗಿರಲಿ" ಅನ್ನೋ ಪಟ ಹರಕಂಡು ಮೇಯಾಕತ್ತಿತು. "ಶಾಂತ" ತನಕ ತಿಂದು, ಮೇಡಂ ಮಕ ನೋಡ್ತು.

ಮೇಡಮ್ಮಿಗೆ ನಗೂ ಬಂತು, ಕನಿಕರಾನೂ ಬಂತು. "ಸರಿ, ಸೋತ ದಿನ ಮನೇಲಿ ಅದನ್ನ ಹೇಗೆ ನೋಡ್ಕೋತೀರಿ?"

ಗಂಡ ಬಾಯಿ ತಗಿಯೋದ್ರಾಗ ಹೆಂಡ್ತಿ ಮುಂದ ಬಂದ್ಲು. "ನಾನು ಹೇಳ್ತೀನಿ ಕೇಳ್ರಿ. ಗೆದ್ರ ಒಂದು ಹಿಡಿ ಹುರುಳಿ. ಸೋತ್ರ ಮೈಗೆ ಎಣ್ಣಿ ತಿಕ್ತಾನ, ಕಾಲು ಒತ್ತತಾನ, ಹಾಲಾಗ ತತ್ತಿ ಒಡದು ಕುಡಸ್ತಾನ, ಮಗ್ಗಲದಾಗ ಮಲಗಿ 'ಬೇಜಾರಾಗಬ್ಯಾಡೋ ನನ್ನಪ್ಪಾ' ಅಂತಾನ. ಟಗರಿಗೆ ಏನೂ ಆಗಿಲ್ಲ, ಬುದ್ಧಿ ಬಂದೈತಿ!"

ಗಂಡ ಟಗರಿನ ಕಡಿ ನೋಡಿದ. ಟಗರು ಕಿಟಕಿ ಕಡಿ ನೋಡ್ತು.

"ನಿಮಗೂ ಬೇಜಾರಾಗುತ್ತಾ?" ಅಂತ ಮೇಡಂ ಆಕಿನ್ನ ಕೇಳಿದ್ರು.

"ನನಗೂ ಒಂದಿನ ಸೋಲಬೇಕು ಅಂತ ಆಸಿ ಐತ್ರಿ" ಅಂದ್ಲು. "ಪುರಸೊತ್ತಿಲ್ಲ."

ವಾರಕ್ಕೊಂದು ಕಾರ್ಣಿಕ

ನಮ್ಮ ಕಡಿ ಕಾರ್ಣಿಕ ಅಂದ್ರ ಗೊತ್ತಲ್ಲ? ಮೈಲಾರ ಜಾತ್ರ್ಯಾಗ ದೇವರ ಗೊರವಪ್ಪ ಎತ್ತರದ ಬಿಲ್ಲೇರಿ ವರ್ಷಕ್ಕ ಒಂದ ಭವಿಷ್ಯದ ಮಾತು ಹೇಳ್ತಾನ. ಆ ಮಾತಿಗೆ ಮಳಿ, ಬೆಳಿ, ರಾಜಕೀಯ ಎಲ್ಲಾ ಹಚ್ಚಿ ವರ್ಷಗಟ್ಲೆ ಅರ್ಥ ಮಾಡ್ತೀವಿ. ಈ ಚಟ ಮೇಡಮ್ಮಿಗೆ ಗೊತ್ತಿರಲಿಲ್ಲ.

ಮೈಲಾರದ ಕಡಿ ಓಟಗಾರನೊಬ್ಬ ಬಂದಿದ್ದ. ಓಡುವಾಗ ಬಿದ್ದಾಗಿಂದ ಅಂಜಿಕಿ. ಮೇಡಂ ಬಾಳೊತ್ತು ಸುಮ್ಕ ಕುಂತು ಕೇಳಿದ್ರು. ಹೊರಗಿದ್ದ ಮಂದಿ ಪಿಸುಗುಟ್ಟಿದ್ರು, "ನೋಡ್ಲೇ, ಮಾತಾಡವಲ್ರು. ಏನೋ ಬರಾಕತ್ತೈತಿ." ಕಡೀಕ ಮೇಡಂ ಅಂದ್ರು, "ಬೀಳೋದು ತಪ್ಪಲ್ಲ. ಅವಸರ ಮಾಡಬೇಡ, ನಿಧಾನಕ್ಕೆ ಏಳು."

ಮುಗೀತು! "ಮೆಕ್ಕಿಜೋಳದ ರೇಟು ಬೀಳ್ತೈತಿ, ಅವಸರಕ್ಕ ಮಾರಬ್ಯಾಡ್ರಿ" ಅಂದ ಒಬ್ಬ. "ಮೆಕ್ಕಿಜೋಳ ಅಲ್ಲಲೇ, ಸರ್ಕಾರ" ಅಂದ ಇನ್ನೊಬ್ಬ. ಮುಂದಿನ ವಾರ ಪಾಳಿ ರೂಮಿಂದ ಹೊಂಟು ರೈಲು ಸ್ಟೇಷನ್ ಮುಟ್ಟಿತ್ತು. ಪ್ಲಾಟ್‌ಫಾರಂ ಮ್ಯಾಲ ನಿಂತೋರ್ನ ನೋಡಿ ರೈಲು ಒಂಚೂರು ಹೆಚ್ಚಿಗಿ ನಿಲ್ತು ಅಂತ ನಾನ ಹೇಳಿದ್ದು, ಬಿಡ್ರಿ.

ಮೇಡಂ ಹೊರಗ ಬಂದು ಕೈ ಮುಗುದ್ರು. "ದಯವಿಟ್ಟು ಕೇಳಿ, ನಾನು ಹೇಳಿದ್ದು ಓಟದ ಬಗ್ಗೆ ಅಷ್ಟೇ!"

ಮಂದಿ ಗುಸುಗುಸು ಹಚ್ಚಿದ್ರು. ಒಬ್ರ ಮಕ ಒಬ್ರು ನೋಡಿದ್ರು. ನಾನು ಅವ್ರ ಕಿವ್ಯಾಗ ಅಂದೆ, "ಒಳಗ ನಡೀರಿ ಮೇಡಂ. ಇದಕ್ಕೂ ಅರ್ಥ ಹಚ್ಚಾಕತ್ತಾರ."

ಗೆರಿ ಹೊರಗಿನ ಕೋಚುಗಳು

ಆ ಪಾಳಿ ನಡುವ, ವೇಲು ಮಕಕ್ಕ ಸುತ್ಕಂಡು ನಮ್ಮ ಅರಸೀಕೆರಿ ಹುಡುಗಿ ನಿಂತಿದ್ಲು! ನನಗ ಒಳಗ ಕುಣಿಯಂಗಾತು.

ಒಂದೆರಡು ವಾರ ಮಾತಾಡಿದ ಮ್ಯಾಲ ಗಂಟು ಸಿಕ್ತು. ಆಕಿ ಗೆರಿ ದಾಟೋ ಹೊತ್ತಿಗೆ ಮನಿ ಮಂದಿ ಹೊರಗ ನಿಂತು ಕೂಗೋರು. ಅಪ್ಪ "ಎಡಕ್ಕ ಹೋಗು", ಕಾಕಾ "ಬಲಕ್ಕ ಹೋಗು", ಅಜ್ಜಿ "ಬೀಳ್ತಿ, ಹೊಳ್ಳಿ ಬಾ!" ಹುಡುಗಿ ಎಲ್ಲಾರ ಮಾತೂ ಕೇಳಾಕಿ, ಹಂಗಾಗಿ ಎಲ್ಲೂ ಹೋಗತಿದ್ದಿಲ್ಲ.

ಮನಿಯೋರ ಜೊತಿ ಮಾತಾಡಾಕ ಹುಡುಗಿ, "ಅವ್ರೇನು ಕೇಳಂಗಿಲ್ರಿ" ಅನ್ಕಂತ ಒಪ್ಪಿದ್ಲು, ಮೇಡಂ ಅವ್ರನ್ನ ಕರಿಸಿದ್ರು. "ಆಯ್ಕೆ ದಿನ ಒಂದು ಮಾತೂ ಆಡಬಾರದು. ಮಾತು ಬಾಯಿಗೆ ಬಂದ್ರೆ ಕಣ್ಣು ಮುಚ್ಚಿ, ಉಸಿರು ಎಳ್ಕೊಂಡು ಮೆಲ್ಲಗೆ ಬಿಡಿ."

ಅಪ್ಪ ಅಂದ, "ಕುರಿ ಕಾಯೋನು ನಾನು. ಕೂಗದಿದ್ರ ಕುರೀನೂ ಹಟ್ಟಿಗೆ ಬರಂಗಿಲ್ರಿ."

"ನಿಮ್ಮ ಮಗಳು ಕುರಿ ಅಲ್ಲ" ಅಂದ್ರು ಮೇಡಂ.

"ಹೌದಲೇ" ಅಂದ್ಲು ಅಜ್ಜಿ ಮಗನ ಕಡಿ ತಿರುಗಿ. "ಕುರಿ ಆಗಿದ್ರ ಇಷ್ಟೊತ್ತಿಗೆ ತಪ್ಪಿಸ್ಕಂಡು ಹೋಗ್ತಿತ್ತು."

ಒಪ್ಪಿದ್ರು. ಆದ್ರ ಅಜ್ಜಿ ಒಂದು ಕರಾರು ಹಾಕಿದ್ಲು. "ನಾವು ಒಪ್ಪಿದ್ದು ಹುಡುಗಿಗೆ ಹೇಳಬ್ಯಾಡ್ರಿ. ಹೇಳಿ ಆಮ್ಯಾಲ ಬಾಯಿ ತಡೀದಿದ್ರ ಮರ್ಯಾದಿ ಹೋಗ್ತೈತಿ." ಹುಡುಗಿ ಹಾಸ್ಟೆಲಿನ್ಯಾಗ ಇದ್ಲು, ಇವ್ರು ಮನ್ಯಾಗ ಪ್ರ್ಯಾಕ್ಟೀಸ್ ಹಚ್ಚಿದ್ರು. ಆ ಓಣ್ಯಾಗ ಹಾದ್ರ ಕಮ್ಮಾರನ ತಿದಿ ಊದಿದಂಗ ಸಪ್ಪಳ.

ಹರಪನಹಳ್ಳಿ ಮೈದಾನದಾಗ

ಆಯ್ಕಿ ದಿನ ಮನಿ ಮಂದಿ, ಓಣಿ ಮಂದಿ ಟೆಂಪೋ ತುಂಬಿ ಬಂದ್ರು. ಮೇಡಂ ನನ್ನ ಕಡಿ ಕೈ ತೋರ್ಸಿದ್ರು. "ಮೇಷ್ಟ್ರೇ, ಇವರೆಲ್ಲ ಸುಮ್ಮನಿರ್ತಾರೆ. ನೀವು ಇರಲ್ಲ. ಟೆಂಪೋ ಒಳಗೇ ಇರಿ." ನಾನು ಕೊಟ್ಟೂರಿಂದ ಕಟ್ಟಿಸ್ಕಂಡು ಬಂದಿದ್ದ ಮಂಡಕ್ಕಿ ಮೆಣಸಿನಕಾಯಿ ಹಿಡ್ಕಂಡು, ತಾಡಪತ್ರಿ ತೂತಿನ್ಯಾಗ ಕಣ್ಣಿಟ್ಟು ಕುಂತೆ.

ಹುಡುಗಿ ರೇಡಿಗೆ ಬಂದ್ಲು. ಅಭ್ಯಾಸದಂಗ ಒಮ್ಮೆ ತಮ್ಮ ಮಂದಿ ಕಡಿ ನೋಡಿದ್ಲು. ಇಡೀ ಟೆಂಪೋ ಮಂದಿ ಕಣ್ಣು ಮುಚ್ಕಂಡು, ಒಂದ ಸಲಕ್ಕ ಉಸಿರು ಎಳದು, ಒಂದ ಸಲಕ್ಕ ಬಿಟ್ರು. ಹುಸ್ಸ್! ಮೈದಾನದ ಧೂಳು ಎದ್ತು. ಹುಡುಗಿ ಮಕ ಬಿಳಚ್ಕಂಡಿತು. ಸತ್ತೆವು ಅನ್ಕಂಡೆ. ನೋಡಿದ್ರ, ನುಗ್ಗಿದ್ಲು ನೋಡ್ರಿ ಒಳಗ! ಮುಟ್ಟಿದ್ಲು, ಕಾಲು ಬೀಸಿದ್ಲು, ಗೆರಿ ಮುಟ್ಟಿದ್ಲು. ಮತ್ತ ಹೋದ್ಲು, ಮತ್ತ ಮುಟ್ಟಿದ್ಲು. ಇವ್ರು ಪ್ರತಿ ಸಲ ಹುಸ್ಸ್.

ಎದುರು ಟೀಮಿನ ಕೋಚು ರೆಫ್ರಿ ಹತ್ರ ಓಡಿದ. "ಸಾರ್, ಮಾಟ ಮಾಡಾಕತ್ತಾರ! ಉಸಿರು ಬಿಡೋದು ನಿಲ್ಲಸ್ರಿ!"

ರೆಫ್ರಿ ಮಂದಿ ಮುಂದ ಬಂದು ನಿಂತ. ಯಾರೂ ಕಣ್ಣ ತಗೀಲಿಲ್ಲ. ತಲಿ ಕೆರಕಂಡು ಅಂದ, "ರೇಡಿಗೆ ಹೋದೋರು ಉಸಿರು ಬಿಡಬಾರದು ಅಂತ ಐತಪಾ. ನೋಡೋರು ಬಿಡಬಾರದು ಅಂತ ನಾನೆಲ್ಲೂ ಓದಿಲ್ಲ."

ಆಟ ಮುಗೀತು. ಆಯ್ಕಿ ಆದೋರ ಹೆಸರು ಕೂಗುವಾಗ ಮದ್ಲನೇದು ನಮ್ಮ ಹುಡುಗೀದು. ಮೇಡಂ ಕುಣಿದ್ರು. ನಾನು ಅರ್ಧ ಮೆಣಸಿನಕಾಯಿ ಬಾಯಾಗ ಇಟ್ಕಂಡ ಟೆಂಪೋದಿಂದ ಜಿಗಿದೆ. ಹುಡುಗಿ ನನ್ನ ನೋಡಿ ಕಿಟಾರನ ಕಿರುಚಿದ್ಲು.

"ಮಾಸ್ತರ! ನೀವು ಸತ್ತಿಲ್ಲೇನ್ರೀ?"

"ನಾನ್ಯಾಕ ಸಾಯ್ಲಿ?"

"ನಮ್ಮಂದಿ ಬಾಯಿ ಮುಚ್ಚಿದ್ದು ನಾನು ಹುಟ್ಟಿದಾಗಿಂದ ನೋಡಿಲ್ರಿ. ಯಾರೋ ಹೋಗ್ಯಾರ, ಆಟ ಮುಗಿಯೋತನ ಹೇಳವಲ್ರು ಅನ್ಕಂಡೆ. ರೇಡಿಗೆ ಹೋದಾಗೆಲ್ಲಾ ಯಾರಿಲ್ಲ ಅಂತ ಹುಡುಕ್ತಿದ್ದೆ. ಎಲ್ಲಾರೂ ಇದ್ರು, ನೀವೊಬ್ರ ಕಾಣಲಿಲ್ಲ. ಜಲ್ದಿ ಮುಗಿಸಿ ನಿಮ್ಮ ಮಣ್ಣಿಗೆ ಹೋಗಬೇಕು ಅಂತ ಆಡಿದೆ."

ಮೇಡಂ ನಿಂತಲ್ಲೇ ಕುಂತ್ರು. "ಹಾಗಾದ್ರೆ ಸೋಲೋ ಭಯ?"

"ಅದಕ್ಕೆಲ್ಲಿ ಜಾಗ ಇತ್ರೀ ಮೇಡಂ?"

ನನಗ ರೋಷ ಬಂತು. "ಅಲ್ಲಬೇ, ನಾನು ಸತ್ತೀನಿ ಅನ್ಕಂಡು ಅಷ್ಟು ಚಂದ ಆಡಿದೇನು?"

"ಅಳು ಬಂತ್ರಿ ಮಾಸ್ತರ" ಅಂದ್ಲು, ಕಣ್ಣು ಒರಸ್ಕಂತ. "ಆಮ್ಯಾಲ, ವಯಸ್ಸಾಗಿತ್ತು ಬಿಡು ಅಂತ ಸಮಾಧಾನ ಮಾಡ್ಕಂಡೆ."

ಅಲ್ಲಿತನ ತುಟಿ ಬಿಚ್ಚದಿದ್ದ ಅಜ್ಜಿ, ಅವತ್ತಿನ ಮದ್ಲನೇ ಮಾತು ಆಡಿದ್ಲು.

"ಯವ್ವಾ ಮೇಡಮ್ಮಾ, ರಾಜ್ಯದ ಆಟ ಯಾವತ್ತು ಐತಿ ಹೇಳು. ಆವತ್ತೊಂದಿನ ಸತ್ತು ಇರಪಾ ಅಂತ ಮಾಸ್ತರಿಗೆ ಮದ್ಲ ಹೇಳಿಡಾಣ."