ನಾಲ್ಕನೇ ಬುಟ್ಟಿ

"ಇನ್ನು ಈ ಮನೇಲಿ ಬಾಟಲ್‌ನೆಕ್ ಅನ್ನೋದು ದುರ್ಬೀನು ಹಾಕಿ ಹುಡುಕಿದ್ರೂ ಸಿಗಬಾರದು!"

ವ್ಯಾಪಾರಿಗಳ ಸಂಘದವರು ನಡೆಸಿದ ತರಬೇತಿ ಮುಗಿಸಿ ಬಂದ ಲಾಂಡ್ರಿ ಯಜಮಾನರು ಹೊಸ್ತಿಲ ಮೇಲೆ ನಿಂತೇ ಹೀಗೆ ಘೋಷಿಸಿಬಿಟ್ಟರು. ಹೊಸ್ತಿಲ ಮೇಲೇ ನಿಲ್ಲಬೇಕಿತ್ತು ಪಾಪ, ಒಳಗೆ ಜಾಗ ಎಲ್ಲಿತ್ತು? ಮನೆಯ ನಡುಮನೆಯೇ ಅವರ ಲಾಂಡ್ರಿ. ಮೇಲೆ ತಾರಸಿಯಲ್ಲಿ ಒಗೆಯುವ ಮೆಷಿನ್ನು, ಒಣಹಾಕುವ ಹಗ್ಗ. ಅಲ್ಲಿ ಹೆಂಡತಿಯ ರಾಜ್ಯಭಾರ. ಕೆಳಗೆ ಭಾವಮೈದುನನ ಇಸ್ತ್ರಿ ಮೇಜು. ಪಕ್ಕದಲ್ಲಿ, ಸೋಫಾದ ತುದಿಗೆ ಆತುಕೊಂಡು, ಮಡಿಸಿ ಜೋಡಿಸುವ ಅಮ್ಮ. ಯಜಮಾನರ ಕೆಲಸ ಏನು ಅಂದಿರಾ? ಮೇಲ್ವಿಚಾರಣೆ!

"ಏನೋ ಅದು ಬಾಟಲಿ?" ಅಮ್ಮ ಮಡಿಸುತ್ತಿದ್ದ ಕೈ ನಿಲ್ಲಿಸಿದರು. "ಈ ವಯಸ್ಸಲ್ಲಿ ಕುಡಿಯೋದು ಕಲಿತ್ಯಾ?"

"ಅಯ್ಯೋ ಅಮ್ಮಾ! ಬಾಟಲಿ ಎಷ್ಟೇ ದೊಡ್ಡದಿರಲಿ, ನೀರು ಹೊರಗೆ ಬರೋದು ಅದರ ಕತ್ತು ಎಷ್ಟು ಅಗಲ ಇದೆಯೋ ಅಷ್ಟೇ. ವ್ಯಾಪಾರದಲ್ಲೂ ಎಲ್ಲೋ ಒಂದು ಕಡೆ ಹಾಗೆ ಇಕ್ಕಟ್ಟು ಇರುತ್ತೆ. ಅದನ್ನ ಹುಡುಕಿ ಅಗಲ ಮಾಡಿಬಿಟ್ರೆ, ಕೆಲಸ ಹೊಳೆ ಹಾಗೆ ಹರಿಯುತ್ತೆ!"

"ಮೊದಲು ಬಾಗಿಲು ಹಾಕಿ ರೀ, ಧೂಳು ಹರಿದು ಬರ್ತಿದೆ," ಅಂದಳು ಹೆಂಡತಿ ಮೆಟ್ಟಿಲ ಮೇಲಿಂದ.

ಯಜಮಾನರ ಆವೇಶಕ್ಕೆ ಕಾರಣವೂ ಇತ್ತು. ಮುಖ್ಯರಸ್ತೆಯ ಹೊಸ ಲಾಡ್ಜಿನವರು ತಮ್ಮ ಅಷ್ಟೂ ಕೋಣೆಗಳ ಬೆಡ್‌ಶೀಟು, ದಿಂಬಿನ ಕವರು ಒಗೆಯಲು ಕೊಡುವವರಿದ್ದರು. ಬೆಳಗ್ಗೆ ಕೊಟ್ಟದ್ದನ್ನು ಸಂಜೆಯೊಳಗೆ ಇಸ್ತ್ರಿ ಮಾಡಿ ಒಪ್ಪಿಸಿದರೆ ವರ್ಷಪೂರ್ತಿ ಕೆಲಸ ಇವರಿಗೇ! ಆಗ ಲಾಂಡ್ರಿಗೆ ಬೇರೆ ಜಾಗ ಹಿಡಿಯಬಹುದು, ಮನೆ ಮತ್ತೆ ಮನೆಯಾಗಬಹುದು. ಹೆಂಡತಿಗೆ ಇದ್ದದ್ದು ಒಂದೇ ಆಸೆ. ಯಾರದೋ ಪ್ಯಾಂಟನ್ನು ಪಕ್ಕಕ್ಕೆ ಸರಿಸದೆ ತನ್ನ ಸೋಫಾದ ಮೇಲೆ ಒಮ್ಮೆ ಕಾಲು ಚಾಚಿ ಕೂರಬೇಕು. ಮದುವೆಯಾಗಿ ಬಂದಾಗಿನಿಂದ ಆ ಸೋಫಾದ ಬಣ್ಣ ಯಾವುದೆಂದು ಅವಳು ಪೂರ್ತಿ ನೋಡಿಯೇ ಇರಲಿಲ್ಲ.

ಸರಿ, ಯಜಮಾನರು ಇಕ್ಕಟ್ಟಿನ ಬೇಟೆಗೆ ಹೊರಟರು. ತಾರಸಿಗೆ ಹತ್ತಿ ನೋಡಿದರೆ ಹೆಂಡತಿ ಬಕೆಟ್ಟು ಬೋರಲು ಹಾಕಿಕೊಂಡು ಆರಾಮವಾಗಿ ಕಾಫಿ ಕುಡಿಯುತ್ತಿದ್ದಾಳೆ!

"ಇದೇನೇ, ಕೂತಿದ್ದೀಯ?"

"ಖಾಲಿ ಬುಟ್ಟಿ ಬರಲಿ ಅಂತ."

ಅವರ ಲಾಂಡ್ರಿಗೆ ಇದ್ದದ್ದು ಮೂರೇ ಬುಟ್ಟಿ. ಒಂದು ತಾರಸಿಯಲ್ಲಿ ತುಂಬುತ್ತಿದ್ದರೆ, ಒಂದು ಇಸ್ತ್ರಿ ಮೇಜಿನ ಬಳಿ ಖಾಲಿಯಾಗುತ್ತಿರುತ್ತಿತ್ತು, ಇನ್ನೊಂದು ಅಮ್ಮನ ಮುಂದೆ. ಕೆಳಗಿಂದ ಖಾಲಿ ಬುಟ್ಟಿ ಮೇಲೆ ಬಂದರೆ ಮಾತ್ರ ಮೇಲಿಂದ ತುಂಬಿದ ಬುಟ್ಟಿ ಕೆಳಗೆ ಹೋಗುವುದು. ಯಜಮಾನರ ಮೈ ಜುಮ್ಮೆಂದಿತು. ಸಿಕ್ಕಿಬಿಟ್ಟಿತು!

"ಬುಟ್ಟಿ! ನನ್ನ ಇಡೀ ಸಾಮ್ರಾಜ್ಯದ ಕತ್ತು ಹಿಸುಕ್ತಾ ಇರೋದು ಮೂರು ಪ್ಲಾಸ್ಟಿಕ್ ಬುಟ್ಟಿ!"

"ರೀ, ನಾಲ್ಕನೇ ಬುಟ್ಟಿ ಏನಾದ್ರೂ ಇಟ್ರೆ..."

ಅವಳ ಮಾತು ಮುಗಿಯುವಷ್ಟರಲ್ಲಿ ಅವರು ಪೇಟೆಯಲ್ಲಿದ್ದರು. ಒಂದು ಗಾಡಿ ತುಂಬ ಬುಟ್ಟಿ ಬಂತು.

ಲಾಡ್ಜಿನ ಬಟ್ಟೆ ಬಂದ ದಿನ ಆ ಮನೆಯ ವೈಭವವನ್ನು ಏನು ಹೇಳಲಿ! ಮೆಷಿನ್ನು ಉಸಿರು ಬಿಡದೆ ತಿರುಗಿತು. ಬಿಸಿಲೂ ಯಜಮಾನರ ಕಡೆಗೇ ಇತ್ತು. ಒಣಗಿದ ಶೀಟುಗಳು ಬುಟ್ಟಿ ಬುಟ್ಟಿಯಾಗಿ ಕೆಳಗಿಳಿದವು. ಯಾರೂ ಯಾರಿಗೂ ಕಾಯುವಂತಿಲ್ಲ. ಸ್ವಲ್ಪ ಹೊತ್ತಿಗೆ ಇಸ್ತ್ರಿ ಮೇಜಿನ ಸುತ್ತ ಬುಟ್ಟಿಗಳ ಕೋಟೆ ಎದ್ದಿತು. ಒಳಗೆಲ್ಲೋ ಭಾವಮೈದುನ ಬೆವರುತ್ತಿದ್ದ.

ಯಜಮಾನರು ಹೆದರಲಿಲ್ಲ. ದೇವರ ಎದುರು ನಿಂತವರ ಹಾಗೆ ಭಕ್ತಿಯಿಂದ ದನಿ ತಗ್ಗಿಸಿದರು. "ನೋಡೋ, ನೋಡೋ! ಇಕ್ಕಟ್ಟು ತಾರಸಿಯಿಂದ ಇಳಿದು ನಿನ್ನ ಹತ್ತಿರ ಬಂದಿದೆ! ಎಂಥಾ ಅದ್ಭುತ!"

"ಅದ್ಭುತ ಆಮೇಲೆ ನೋಡೋಣ ಭಾವ, ಮೊದಲು ಉಸಿರಾಡೋಕೆ ಜಾಗ ಕೊಡಿ!"

ಪಕ್ಕದ ಮನೆಯಿಂದ ಇನ್ನೊಂದು ಮೇಜು, ಇನ್ನೊಂದು ಇಸ್ತ್ರಿಪೆಟ್ಟಿಗೆ ಬಂದವು. ಓಡಾಡಲು ಉಳಿದಿದ್ದ ಜಾಗವನ್ನು ಮೇಜು ನುಂಗಿತು. ಸ್ವತಃ ಯಜಮಾನರೇ ಅಂಗಿಯ ತೋಳು ಮಡಚಿ ಇಸ್ತ್ರಿಗೆ ನಿಂತರು. ಇಸ್ತ್ರಿ ಸರಸರ ಸಾಗಿತು, ನಿಜ. ಆದರೆ ತಿರುಗಿ ನೋಡಿದರೆ ಅಮ್ಮ ಕೂತಿದ್ದ ಕಡೆ ಅಮ್ಮ ಇಲ್ಲ! ಬರೀ ಬಿಳಿ ಬೆಟ್ಟ.

"ಅಮ್ಮಾ! ಎಲ್ಲಿದ್ದೀಯಾ?"

"ನಿನ್ನ ಬಾಟಲಿ ಒಳಗೇ ಇದ್ದೀನಪ್ಪಾ!"

ಎಲ್ಲರೂ ಮಡಿಸಲು ಕೂತರು. ಮಡಿಸಿದ್ದನ್ನು ಸೋಫಾ ಮೇಲೆ, ಟೀವಿ ಮೇಲೆ, ಅಡುಗೆಮನೆಯ ಕಟ್ಟೆ ಮೇಲೆ ಪೇರಿಸಿದರು. ಉಳಿದದ್ದನ್ನು ಬುಟ್ಟಿಗಳಲ್ಲಿ ತುಂಬಿ, ವ್ಯಾನು ಬಂದಾಗ ಒಂದು ಕ್ಷಣವೂ ತಡವಾಗಬಾರದೆಂದು, ಯಜಮಾನರು ಮುಂಬಾಗಿಲಿಗೆ ಒತ್ತಿ ಎದೆಯೆತ್ತರ ಜೋಡಿಸಿದರು. ಮಿಕ್ಕ ಖಾಲಿ ಬುಟ್ಟಿಗಳು ಮೆಟ್ಟಿಲ ತುಂಬ. ಕೊನೆಯ ಶೀಟು ಮಡಿಸಿ ಮುಗಿದಾಗ ಸಂಜೆಗೆ ಇನ್ನೂ ಕೊಂಚ ಹೊತ್ತಿತ್ತು! ಎಲ್ಲರೂ ಸುತ್ತ ಕಣ್ಣಾಡಿಸಿದರು. ಎಲ್ಲಿ ನೋಡಿದರೂ ಬಿಳುಪು.

"ಭಾವ," ಅಂದ ಭಾವಮೈದುನ ಹಣೆಯ ಬೆವರು ಒರೆಸಿಕೊಳ್ಳುತ್ತಾ, "ಇಷ್ಟೊಂದು ಬಿಳಿ ನಾನು ಜನ್ಮದಲ್ಲೇ ನೋಡಿರಲಿಲ್ಲ."

ಅಷ್ಟರಲ್ಲಿ ಹಾರ್ನು. ಲಾಡ್ಜಿನ ಮೇಡಂ ವ್ಯಾನಿನ ಜೊತೆ ತಾವೇ ಬಂದಿದ್ದರು.

"ಬಂದೆ ಮೇಡಂ!" ಯಜಮಾನರು ಬುಟ್ಟಿಗಳ ಮೇಲೆ ಬೋರಲು ಬಿದ್ದು, ಕೈ ಚಾಚಿ, ಚಿಲಕ ಸರಿಸಿ ಎಳೆದರು. ಆ ಬಾಗಿಲು ಒಳಕ್ಕೆ ತೆರೆಯುವ ಬಾಗಿಲು! ಬೆರಳು ತೂರುವಷ್ಟು ಸಂದಾಗಿ ಗಕ್ಕನೆ ನಿಂತಿತು. ಸಂದಿಯಲ್ಲಿ ಮೇಡಂ ಅವರ ಒಂದು ಕಣ್ಣು ಕಂಡಿತು.

"ಬಾಗಿಲು ತೆಗೀರಿ."

"ತೆಗೆದಿದ್ದೀನಿ ಮೇಡಂ. ಇಷ್ಟೇ."

"ಅತಿಥಿಗಳು ಬರೋ ಹೊತ್ತಾಯ್ತು. ಶೀಟು ಕೊಡೋಕಾಗದಿದ್ರೆ ಹೇಳಿ, ನಾಳೆಯಿಂದ ಬೇರೆ ಲಾಂಡ್ರಿ ನೋಡ್ಕೋತೀನಿ."

ಯಜಮಾನರಿಗೆ ಬೆವರು ಕಿತ್ತುಕೊಂಡಿತು. ಒಂದು ಬುಟ್ಟಿ ಸರಿಸಬೇಕಾದರೆ ಖಾಲಿ ಜಾಗ ಬೇಕು. ಖಾಲಿ ಜಾಗ ಬೇಕಾದರೆ ಒಂದು ಬುಟ್ಟಿ ಸರಿಸಬೇಕು! "ಸಿಕ್ಕಿತು," ಅಂದರು ಕ್ಷೀಣವಾಗಿ, "ಕೊನೇ ಇಕ್ಕಟ್ಟು ಇಲ್ಲಿ ಬಂದು ಕೂತಿದೆ."

ಹೆಂಡತಿ ಸೋಫಾ ಇದ್ದ ದಿಕ್ಕಿನತ್ತ ಒಮ್ಮೆ ನೋಡಿದಳು. ಕಣ್ಣು ತುಂಬಿ ಬಂತು. ಆಮೇಲೆ ಸೆರಗು ಸಿಕ್ಕಿಸಿದಳು.

"ಬಾಗಿಲ ಆಸೆ ಬಿಡಿ! ಮೆಟ್ಟಿಲ ಮೇಲಿನ ಖಾಲಿ ಬುಟ್ಟಿಗಳನ್ನ ತಾರಸಿ ಮೂಲೆಗೆ ಎಸೀತೀನಿ. ಹತ್ತಿರ ಇರೋ ಶೀಟನ್ನ ಮೇಲಕ್ಕೆ ದಾಟಿಸಿ!"

ಒಣಹಾಕುವ ಹಗ್ಗ ಬಿಚ್ಚಿದಳು. ತನ್ನ ಹಳೆಯ ಮೂರು ಬುಟ್ಟಿಗಳನ್ನು ಹುಡುಕಿ ತೆಗೆದಳು. ಒಂದು ತಾರಸಿಯಲ್ಲಿ ತುಂಬುತ್ತಿರುವಾಗ ಒಂದು ಹಗ್ಗದಲ್ಲಿ ನೇರ ಬೀದಿಗೆ ಇಳಿಯಿತು. ಇನ್ನೊಂದನ್ನು ಕೆಳಗೆ ವ್ಯಾನಿನ ಡ್ರೈವರು ಖಾಲಿ ಮಾಡಿದ. ಖಾಲಿ ಬುಟ್ಟಿ ಮೇಲೆ ಬಂತು, ತುಂಬಿದ್ದು ಕೆಳಗೆ ಹೋಯಿತು. ಉತ್ಸಾಹ ತಡೆಯಲಾರದೆ ಯಜಮಾನರು ಇನ್ನೊಂದು ಬುಟ್ಟಿ ತುಂಬಿಕೊಂಡು ಓಡಿ ಬಂದರು.

"ಕೆಳಗಿಡಿ ಅದನ್ನ!"

ಇಟ್ಟರು. ಇಟ್ಟು, ಬಾಯಿ ಬಿಟ್ಟುಕೊಂಡು ನಿಂತರು. ಎಲ್ಲೂ ರಾಶಿ ಇಲ್ಲ, ಎಲ್ಲೂ ನೂಕಾಟ ಇಲ್ಲ, ಯಾರಿಗೂ ಏದುಸಿರಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ಕತ್ತೆತ್ತಿ ನೋಡುತ್ತಿದ್ದರು. ಮೇಡಂ ಕೂಡ! ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಈಕೆಯ ಕೈಯಲ್ಲಿ ಇಂಥದೊಂದು ಇದೆ ಅಂತ ತಾನು ಕಾಣಲಿಲ್ಲವಲ್ಲ ಎಂದು ಯಜಮಾನರಿಗೆ ರೋಮಾಂಚನವಾಯಿತು.

ಕೊನೆಯ ಬುಟ್ಟಿ ಇಳಿದಾಗ ಮೇಡಂ ಕೆಳಗಿಂದ ಕೂಗಿದರು: "ವರ್ಷದ ಕೆಲಸ ನಿಮಗೇ! ಆದ್ರೆ ನಾನು ಮಾತಾಡೋದು ಹಗ್ಗ ಹಿಡಿದಿರೋರ ಹತ್ತಿರ ಮಾತ್ರ!"

ಯಜಮಾನರು ಹೆಂಡತಿಗೆ ಕೈ ಮುಗಿಯುವುದೊಂದು ಬಾಕಿ. "ನೀನು ಸಾಮಾನ್ಯಳಲ್ಲ ಕಣೇ! ಮುಂದಿನವರು ಎಷ್ಟು ಮುಗಿಸ್ತಾರೋ ಅಷ್ಟೇ ಹಿಂದಿನವರು ಕೊಡಬೇಕು. ಅದಕ್ಕೇ ಮೂರೇ ಬುಟ್ಟಿ! ಇಂಥಾ ದೊಡ್ಡ ತತ್ವ ಎಲ್ಲಿ ಕಲಿತೆ?"

"ತತ್ವವೂ ಇಲ್ಲ, ಎಂಥದೂ ಇಲ್ಲ. ನಾಲ್ಕನೇ ಬುಟ್ಟಿ ಇಟ್ರೆ ನಮ್ಮನೆ ಬಾಗಿಲು ತೆಗೆಯೋಕಾಗಲ್ಲ. ಅವತ್ತು ಅದನ್ನೇ ಹೇಳೋಕೆ ಬಂದೆ. ನೀವಾಗಲೇ ಪೇಟೇಲಿದ್ರಿ."

ಬೇರೆ ಜಾಗ ಸಿಕ್ಕಿತು. ಲಾಂಡ್ರಿ ಅಲ್ಲಿಗೆ ಹೋಯಿತು. ಸೋಫಾದ ಬಣ್ಣ ಹಸಿರು ಎಂದು ಗೊತ್ತಾಯಿತು. ಹೆಂಡತಿ ಅದರ ಮೇಲೆ ಕಾಲು ಚಾಚಿ ಕೂತಿದ್ದ ಒಂದು ಭಾನುವಾರ, ಯಜಮಾನರು ಕೈ ಉಜ್ಜಿಕೊಳ್ಳುತ್ತಾ ಹತ್ತಿರ ಬಂದರು.

"ಹೊಸ ಜಾಗದಲ್ಲಿ ಎಷ್ಟು ಬುಟ್ಟಿ ಇಡೋಣ?"

"ಮೂರು."

"ಅಲ್ಲ ಕಣೇ, ಅಲ್ಲಿ ಮೈದಾನದಷ್ಟು ಜಾಗ ಇದೆ! ಬಾಗಿಲಲ್ಲಿ ವ್ಯಾನೇ ನುಗ್ಗುತ್ತೆ! ಇನ್ನೂ ಮೂರೇ ಯಾಕೆ?"

ಹೆಂಡತಿ ಕಾಲನ್ನು ಇನ್ನಷ್ಟು ಚಾಚಿದಳು.

"ಜಾಗ ಇದೆ ರೀ. ಆದ್ರೆ ನೀವೂ ಇದ್ದೀರಲ್ಲ!"