ರಿಂಗಾಗದ ಟ್ಯಾಬ್ ಮಹಾಶಯರ ಸನ್ನಿಧಿಗೆ

ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಮೇಲೆ, ಕಸೂತಿ ಹಾಕಿದ ಬಟ್ಟೆಯ ಮೇಲೆ ವಿರಾಜಮಾನರಾಗಿರುವ ಶ್ರೀಮಾನ್ ಟ್ಯಾಬ್ ಅವರಿಗೆ, ಅದೇ ಮನೆಯಲ್ಲಿ ತಮ್ಮಷ್ಟು ಸ್ಥಾನಮಾನವಿಲ್ಲದೆ ವಾಸವಾಗಿರುವ ಆರ್‌ಪಿಸಿ ಲೇಔಟಿನ ಕಾಂತರಾಜು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ನಾವೆಲ್ಲ ಕ್ಷೇಮ. ತಾವೂ ಹೊತ್ತುಹೊತ್ತಿಗೆ ಚಾರ್ಜ್ ಸೇವಿಸಿ ಕ್ಷೇಮವಾಗಿರುವುದು ಪರದೆಯ ಮೂಲೆಯ ಬ್ಯಾಟರಿ ಚಿತ್ರದಿಂದ ತಿಳಿದು ಸಂತೋಷವಾಯಿತು.

ನನ್ನ ಕಣ್ಣಿನ ಪೊರೆ ತೆಗೆಸಿದ ಮೇಲೆ, ಅಪ್ಪನಿಗೆ ಅಕ್ಷರಗಳು ದೊಡ್ಡದಾಗಿ ಕಾಣಲಿ ಎಂಬ ಪ್ರೀತಿಯಿಂದ ಮಗಳು ಲತಾ ತಮ್ಮನ್ನು ಕೊಂಡು ತಂದಳು. ವಿಜಯನಗರದ ಅಂಗಡಿಯಲ್ಲಿ ನಾನು ಬಹಳ ಜಾಣತನದಿಂದ, 'ಇದಕ್ಕೆ ನನ್ನ ಸಿಮ್ಮು ಹಾಕ್ಬೋದೇನಪ್ಪಾ?' ಎಂದು ಕೇಳಿದೆ. ಅಂಗಡಿಯವರು, 'ಆರಾಮಾಗ್ ಹಾಕ್ಬೋದು ಸಾರ್' ಎಂದವರೇ ನನ್ನ ಬಟನ್ ಫೋನಿನ ಸಿಮ್ಮನ್ನು ಈಚೆ ತೆಗೆದು, ಅಂಚುಗಳನ್ನು ಕತ್ತರಿಸಿ, ತಮ್ಮ ಪಕ್ಕೆಯೊಳಗೆ ತಳ್ಳಿದರು. ಸಿಮ್ಮು ಹಿಡಿಸುತ್ತದೆಯೇ ಎಂದು ಕೇಳಿದೆನೇ ಹೊರತು ಫೋನು ರಿಂಗಾಗುತ್ತದೆಯೇ ಎಂದು ಕೇಳಲಿಲ್ಲ. ಬಸ್ಸು ಹತ್ತುವಾಗ, 'ಈ ಬಸ್ಸು ಮುಂದಕ್ಕೆ ಹೋಗುತ್ತದೆಯೇ' ಎಂದು ಯಾರಾದರೂ ಕೇಳುತ್ತಾರೆಯೇ?

ಆ ಸಂಜೆಯೇ ತಮ್ಮ ಪ್ರತಿಭೆಯ ದರ್ಶನವಾಯಿತು. ವಿಡಿಯೊ ಕಾಲಿನಲ್ಲಿ ಹೊಸಹಳ್ಳಿಯಲ್ಲಿರುವ ನನ್ನ ಷಡ್ಡಕನ ಮುಖ ತಮ್ಮ ಪರದೆಯ ಮೇಲೆ ಹಲಸಿನ ಹಣ್ಣಿನ ಗಾತ್ರಕ್ಕೆ ಮೂಡಿ, ಆತನ ಮೂಗಿನ ಒಳಭಾಗವನ್ನು ಮನೆಮಂದಿಯೆಲ್ಲ ಸಾವಕಾಶವಾಗಿ ವೀಕ್ಷಿಸಿದೆವು. ಹೆಸರು ಕೇಳರಿಯದ ಮಹನೀಯರು ನನಗೆ ಸಾಲ ಮಂಜೂರು ಮಾಡಿರುವ ಸಂದೇಶಗಳೂ ತಪ್ಪದೆ ಬಂದವು. ಇಷ್ಟೆಲ್ಲ ಬಲ್ಲವರಿಗೆ ಒಂದು ಮಿಸ್ಡ್ ಕಾಲ್ ಸ್ವೀಕರಿಸುವ ಶಕ್ತಿಯಿಲ್ಲವೆಂದು ನನ್ನಂಥ ಪಾಮರ ಊಹಿಸುವುದಾದರೂ ಹೇಗೆ?

ತಾವು ಬಡಾವಣೆಗೆ ಹೊಸಬರಾದ್ದರಿಂದ ಇಲ್ಲಿನ ಪದ್ಧತಿಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಬರುವ ಹೊತ್ತು ಮಾತ್ರ ಅದರ ಸ್ವಂತ ಇಚ್ಛೆ. ಮೊದಲು ಬರುವ ಕೆಂಪು ನೀರು ನೆಲದಡಿಯ ಸಂಪಿನೊಳಗೆ ಇಳಿಯಬಾರದೆಂದು ಎಲ್ಲರೂ ಗೇಟಿನ ಬಳಿಯ ವಾಲ್ವ್ ಮುಚ್ಚಿಟ್ಟಿರುತ್ತಾರೆ. ನೀರು ಬಿಡುವ ಮುನಿವೆಂಕಟಪ್ಪ ಬೀದಿಯ ತುದಿಯಲ್ಲಿ ತನ್ನ ಉದ್ದನೆಯ ಕಬ್ಬಿಣದ ಕೀಲಿ ತಿರುಗಿಸಿ ನನಗೊಂದು ಮಿಸ್ಡ್ ಕಾಲ್ ಕೊಡುತ್ತಾನೆ. ನಾನು ಒಂದು ರಿಂಗಿಗೆ ಕಟ್ ಮಾಡುತ್ತೇನೆ. ಕಟ್ ಮಾಡಿದೆನೆಂದರೆ, ಗೊತ್ತಾಯಿತು ಎಂದರ್ಥ. ಆಮೇಲೆ ಕೊಡೆ ಹಿಡಿದುಕೊಂಡು ಹೋಗಿ, ವಾಲ್ವ್ ತೆರೆಯಿರೆಂದು ಬೀದಿಯ ಗೇಟುಗಳನ್ನೆಲ್ಲ ಅದರಿಂದ ತಟ್ಟಿಬರುತ್ತೇನೆ. ಈಗ ಕರೆಗೆ ಕಾಸು ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಆದರೆ ಎತ್ತಿಬಿಟ್ಟರೆ ಏನು ಮಾತಾಡಬೇಕೆಂದು ಇಬ್ಬರಿಗೂ ಗೊತ್ತಿಲ್ಲ. ಹೀಗಾಗಿ ವರ್ಷಗಳಿಂದ ನಮ್ಮ ಸ್ನೇಹ ಒಂದು ರಿಂಗಿನ ಮೇಲೆಯೇ ನಡೆದುಕೊಂಡು ಬಂದಿದೆ.

ತಾವು ದಯಮಾಡಿಸಿದ ಮರುದಿನ ನಮ್ಮ ಮಹಡಿಯ ಮನೆಯ ಗುರುದೇವಿಯ ಕೂಸಿಗೆ ತೊಟ್ಟಿಲು ಹಾಕುವ ಕಾರ್ಯಕ್ರಮ. ಬಾಗಲಕೋಟೆ ಕಡೆಯಿಂದ ನೆಂಟರೆಲ್ಲ ಬರುವವರಿದ್ದರು. ಚೊಚ್ಚಲ ಬಾಣಂತಿ, ಪರಸ್ಥಳ, ಅಳುಕು ಸಹಜ. ನಾನು ಎದೆ ತಟ್ಟಿಕೊಂಡು, 'ನೀರಿನ ಚಿಂತೆ ನನಗ್ ಬಿಡಮ್ಮ, ನಾಳೆ ನಮ್ ಸರದಿ' ಎಂದಿದ್ದೆ. ಬೆಳಿಗ್ಗೆ ಮನೆಯೆದುರು ಶಾಮಿಯಾನ ಎದ್ದಿತು, ಪ್ಲಾಸ್ಟಿಕ್ ಕುರ್ಚಿಗಳು ಬಂದವು. ನಾನು ತಮ್ಮನ್ನು ಎದೆಗವಚಿಕೊಂಡು ಗೇಟಿನ ಬಳಿ ಕುಳಿತೆ. ತಮ್ಮ ಹಣೆಯ ಮೇಲೆ ಸಿಗ್ನಲ್ಲಿನ ಕಡ್ಡಿಗಳೆಲ್ಲ ನೆಟ್ಟಗೆ ನಿಂತಿದ್ದವು. ಅದೇ ಹೊತ್ತಿನಲ್ಲಿ ನೀರು ಬಂದು, ಮುಚ್ಚಿದ ವಾಲ್ವುಗಳನ್ನು ನೋಡಿಕೊಂಡು, ಮುಂದಿನ ಬೀದಿಗೆ ಹೋಯಿತು.

ನೆಂಟರು ಬಂದಿಳಿದು ಕೈಕಾಲು ತೊಳೆಯುವ ಹೊತ್ತಿಗೆ ಮೇಲಿನ ಟ್ಯಾಂಕು ಬರಿದಾಯಿತು, ಮೋಟಾರು ಹಾಕಿದರೆ ಸಂಪಿನಿಂದ ಬರೀ ಗಾಳಿ ಬಂತು. ಅಡುಗೆಯವರು ಅಕ್ಕಿ ತೊಳೆಯಲಾಗದೆ ಕೈಕಟ್ಟಿ ನಿಂತರು. ಗುರುದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅವಳ ಅತ್ತೆ ಶಂಕ್ರವ್ವ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಯಾಕ್ರೀ ಯಜಮಾನ್ರ, ನಿಮ್ ಬೆಂಗ್ಳೂರಾಗ ಕೂಸಿನ್ ಮಾರಿ ತೊಳ್ಯಾಕೂ ನೀರಿಲ್ಲೇನ್ರಿ?' ಎಂದರು. ನನಗೆ ಭೂಮಿಗಿಳಿದು ಹೋದಂತಾಯಿತು. ಇಳಿಯೋಣವೆಂದರೆ ಸಂಪು ಖಾಲಿ.

ಆಗ ನೋಡಿ ಮಹಾಶಯರೇ, ಶಾಮಿಯಾನದ ಹೊರಗೆ ಚಪ್ಪಲಿ ಬಿಟ್ಟು, ಕೈಯಲ್ಲಿ ಸೇವಂತಿಗೆ ಹಾರ ಹಿಡಿದು, ತಲೆ ತಗ್ಗಿಸಿಕೊಂಡು ಮುನಿವೆಂಕಟಪ್ಪ ಬಂದ. ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ಟವಲಿನಿಂದ ಕಣ್ಣೊತ್ತಿಕೊಂಡ. ಒಳಗೆ ಹೆಂಗಸರು ಹಾಡುತ್ತಿದ್ದ ಜೋಗುಳವನ್ನು ಭಜನೆ ಎಂದುಕೊಂಡಿದ್ದ. ನಾನು ಎದುರು ಹೋಗಿ ನಿಂತಾಗ ಅವನು ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಮಗುಚಿತು.

'ನೀವ್ ಕಟ್ ಮಾಡ್ಲಿಲ್ವಲ್ಲ ಸಾರ್' ಎಂದ. 'ಎಷ್ಟ್ ಸಲ ಫೋನ್ ಮಾಡುದ್ರೂ ಯಾವ್ದೋ ಹೆಣ್ಮಗಳು ಮಾತಾಡ್ತಾಳೆ. ಬೀದಿ ತುದೀಲ್ ನಿಂತ್ ನೋಡುದ್ರೆ ಮನೆ ಮುಂದೆ ಶಾಮಿಯಾನ. ನಾನ್ ಏನಂತ ತಿಳ್ಕೊಳ್ಳಿ?'

ನಂಬಿಕೆ ಬರಲೆಂದು ಅವನು ನನ್ನ ಎದುರೇ ಮತ್ತೆ ನಂಬರು ಒತ್ತಿದ. ತಾವು ನನ್ನ ಕಂಕುಳಲ್ಲೇ ಇದ್ದಿರಿ. ಆ ಹೆಣ್ಣುಮಗಳು, ನಾನು ವ್ಯಾಪ್ತಿ ಪ್ರದೇಶದ ಹೊರಗಿದ್ದೇನೆಂದು ಮಧುರವಾಗಿ ಹೇಳಿದಳು. ಬೆನ್ನಿಗೇ ತಾವು 'ಟಿಂಗ್' ಎಂದಿರಿ: ಈ ನಂಬರಿನಿಂದ ನಿಮಗೆ ಕರೆ ಬಂದಿತ್ತು ಎಂಬ ಸಂದೇಶ, ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರಗಳಲ್ಲಿ. ಕಣ್ಣಿಗೆ ಬಹಳ ಸ್ಪಷ್ಟವಾಗಿ ಕಂಡಿತು.

ತಾವು ಮಾಡಿದ ಉಪಕಾರ ಸಣ್ಣದಲ್ಲ. ನಾನು ಹೋದರೆ ಯಾರು ಅಳುತ್ತಾರೆಂಬುದನ್ನು ಇದ್ದಾಗಲೇ ನೋಡುವ ಭಾಗ್ಯ ಎಷ್ಟು ಜನಕ್ಕಿದೆ? ಅತ್ತವನು ಷಡ್ಡಕನಲ್ಲ, ಸಾಲ ಮಂಜೂರು ಮಾಡಿದವರಲ್ಲ. ಇಷ್ಟು ವರ್ಷಗಳಲ್ಲಿ ಫೋನಿನಲ್ಲಿ ನನ್ನ ಒಂದು ಮಾತನ್ನೂ ಕೇಳದ ಮನುಷ್ಯ ಅತ್ತ. ಮಗುಚಿದ ಕುರ್ಚಿಯನ್ನು ನಾನೇ ಎತ್ತಿ ನಿಲ್ಲಿಸಿದೆ. ಅವನು ಟವಲು ಕೊಡವಿ ಹೋಗಿ ನಮ್ಮ ಬೀದಿಗೆ ಇನ್ನೊಂದು ಸಲ ನೀರು ಬಿಟ್ಟ. ಕೂಸಿನ ಮುಖ ತೊಳೆದು ತೊಟ್ಟಿಲಿಗೆ ಹಾಕಿದ್ದಾಯಿತು, ಅವನೂ ಊಟ ಮಾಡಿಕೊಂಡೇ ಹೋದ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ತಾವು ಒಂದೇ ಒಂದು ಸಲ 'ಟ್ರಿಣ್' ಎನ್ನುವುದನ್ನು ಕಲಿಯಬೇಕು, ಎರಡನೆಯ ಟ್ರಿಣ್ ಬೇಡ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಅಂಗಡಿಯಲ್ಲಿ ಕತ್ತರಿಸಿ ಎಸೆದ ನನ್ನ ಸಿಮ್ಮಿನ ಅಂಚನ್ನು ಮತ್ತೆ ಬೆಳೆಸಿಕೊಡಬೇಕು. ಸದ್ಯ ಸಿಮ್ಮು ಸೆಲ್ಲೋಟೇಪಿನ ಆಸರೆಯಲ್ಲಿ ಹಳೆಯ ಫೋನಿನೊಳಗೆ ಕುಳಿತಿದೆ. ಹಾಗೆಯೇ ತಾವು ಖುದ್ದಾಗಿ ಶಂಕ್ರವ್ವನವರ ಊರಿಗೆ ಹೋಗಿ, 'ಬೆಂಗಳೂರಿನಲ್ಲಿ ನೀರಿತ್ತು, ತಪ್ಪು ನನ್ನದು' ಎಂದು ಅವರ ಜಗಲಿಯಲ್ಲಿ ಕುಳಿತು ಹೇಳಿಬರಬೇಕು. ಆ ಪ್ರಯಾಣಕ್ಕೆ ಬೇಕಾದರೆ ಸಿಮ್ಮನ್ನು ಎರವಲು ಕೊಡುತ್ತೇನೆ, ದಾರಿಯುದ್ದಕ್ಕೂ ತಮಗೆ ಸಿಗ್ನಲ್ ಚೆನ್ನಾಗಿಯೇ ಸಿಗುತ್ತದೆ.

ಇಷ್ಟೆಲ್ಲ ಆದರೂ ದಿನವೂ ಬಟ್ಟೆಯಿಂದ ತಮ್ಮ ಮುಖ ಒರೆಸುವ,
ತಮ್ಮ ವಿಶ್ವಾಸಿ,
ಕಾಂತರಾಜು (ವ್ಯಾಪ್ತಿ ಪ್ರದೇಶದ ಒಳಗೆ)

ಮರೆತ ಮಾತು: ಅಂಥ ಕೆಲಸಕ್ಕೆಂದು ತಂದ ಹಾರವನ್ನು ವಾಪಸ್ ಒಯ್ಯಬಾರದಂತೆ, ಮುನಿವೆಂಕಟಪ್ಪ ಇಲ್ಲೇ ಬಿಟ್ಟುಹೋದ. ಏನು ಮಾಡುವುದೆಂದು ಯೋಚಿಸಿ ನನ್ನ ಮನೆಯವರು ಅದನ್ನು ತಮಗೇ ಹಾಕಿದ್ದಾರೆ, ಅಳತೆ ಸರಿಯಾಗಿ ಹೊಂದಿದೆ. ಒಂದೇ ಪ್ರಾರ್ಥನೆ: ಲತಾ ತಮ್ಮ ಪರದೆಯ ಮೇಲೆ ನನ್ನ ಫೋಟೋ ಇಟ್ಟಿರುವುದರಿಂದ, ಆ ಹೂವು ಬಾಡುವವರೆಗೆ ದಯವಿಟ್ಟು ಬೆಳಗಬೇಡಿ. ನೀರು ಬಿಟ್ಟ ದಿನ ಮುನಿವೆಂಕಟಪ್ಪ ಕಾಫಿಗೆ ಬರುತ್ತಾನೆ, ಪಾಪ, ಇನ್ನೊಂದು ಸಲ ಅಳಿಸುವುದು ಬೇಡ.